ಬುತ್ತಿ ಕಟ್ಟಿಕೊಂಡು ಓಸ್ಲೋಗೆ



ನನ್ನ ಮುಂದೆ ಒಂದು ಸಣ್ಣ ನೋಟುಪುಸ್ತಕ ಇದೆ. 32 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು ನಾನು. ಎಲ್ಲಿಗೆ ಹೋದರೂ ದಿನದ ಖರ್ಚು ಬರೆದಿಡುವ ರೂಢಿ ನಿವೃತ್ತಿಯ ನಂತರವೂ ಬಿಟ್ಟುಹೋಗಿಲ್ಲ. ಈ ಪುಸ್ತಕದ ಮೊದಲ ಪುಟದಲ್ಲಿ “ಚಹಾ 1, ಕಾಫಿ 1 – 95 ಕ್ರೋನೆ” ಅಂತ ಬರೆದಿದ್ದೇನೆ. ಕ್ರೋನೆ ಅಂದರೆ ನಾರ್ವೆ ದೇಶದ ಹಣ. ಒಂದು ಕ್ರೋನೆಗೆ ಎಂಟು ರೂಪಾಯಿಯಂತೆ ನಾವು ಲೆಕ್ಕ ಹಿಡಿದಿದ್ದೆವು. ಪಕ್ಕದಲ್ಲಿ ಪೆನ್ಸಿಲಿನ ಗುಣಾಕಾರವಿದೆ: 760 ರೂಪಾಯಿ. ಎರಡು ಕಪ್ಪಿಗೆ! ಆ ಮೊತ್ತದ ಕೆಳಗೆ ನಮ್ಮವರು ಎರಡು ಗೆರೆ ಎಳೆದಿದ್ದಾರೆ.

ನಮ್ಮ ಓಣಿಯ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ಹೋದ ದೀಪಾವಳಿಗೆ ಧಾರವಾಡಕ್ಕೆ ಬಂದವಳು ನಮ್ಮ ಮನೆಗೂ ಬಂದು ಕೇಳಿದಳು: “ಕಾಕು, ಅಪ್ಪ-ಅವ್ವನ್ನ ಓಸ್ಲೋಕ್ಕ ಕರಕೊಂಡ ಹೋಗಬೇಕಂತ ಮಾಡೇನಿ. ಎಲ್ಲಾರೂ ಅದು ಭಾಳ ತುಟ್ಟಿ ಊರು ಅಂತಾರ. ನೀವು ಹ್ಯಾಂಗ ಹೋಗಿ ಬಂದ್ರಿ?” ಅವಳಿಗೆ ಅಂದು ಈ ಪುಸ್ತಕ ತೆಗೆದು ಒಂದೊಂದೇ ಪುಟ ತೋರಿಸಿದೆ. ಇವತ್ತಿನ ಮಾತೂ ಅದೇ.

ತುಟ್ಟಿ ಹೌದು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಅಲ್ಲಿ ಯಾವುದು ತುಟ್ಟಿ, ಯಾಕೆ ತುಟ್ಟಿ ಅನ್ನುವುದು ತಿಳಿದರೆ ಹೋಗಿ ಬರುವ ದಾರಿ ತಾನಾಗಿ ಕಾಣುತ್ತದೆ. ನನಗೆ ಅದು ತಿಳಿದದ್ದು ಊರು ಮುಟ್ಟಿದ ಮರುದಿನ, ಒಂದು ಬಟ್ಟಲು ಸೂಪಿನ ಮುಂದೆ ಕೂತಾಗ.

ನಾವು ಓಸ್ಲೋ ತಲುಪಿದ್ದು ಜೂನ್ ಮೊದಲ ವಾರ, ಶನಿವಾರ ರಾತ್ರಿ. ರೊಟ್ಟಿ, ಚಟ್ನಿಪುಡಿ, ಅವಲಕ್ಕಿ ತುಂಬಿದ್ದ ಪೆಟ್ಟಿಗೆ ದಾರಿಯಲ್ಲಿ ವಿಮಾನ ಬದಲಿಸುವಾಗ ಹಿಂದೆ ಉಳಿಯಿತು. ಅದು ನಮ್ಮ ಕೈಗೆ ಸಿಕ್ಕಿದ್ದು ಸೋಮವಾರ. ಬೆಳಿಗ್ಗೆ ಎದ್ದು ದಿನಸಿ ತಂದರಾಯಿತು ಅಂತ ಮಲಗಿದೆವು. ರವಿವಾರ ಅಲ್ಲಿ ದೊಡ್ಡ ಅಂಗಡಿಗಳು ಬಾಗಿಲು ತೆಗೆಯುವುದಿಲ್ಲ. ದುಡಿಯುವವರಿಗೆ ಒಂದು ದಿನ ಬಿಡುವು ಇರಲೇಬೇಕು ಅಂತ ಕಾಯಿದೆಯೇ ಇದೆ. ತೀರ ಚಿಕ್ಕ ಅಂಗಡಿಗಳಿಗೆ ಮಾತ್ರ ವಿನಾಯಿತಿ. ನಮಗೆ ಇದು ಗೊತ್ತಿರಲಿಲ್ಲ. ಹಸಿದು ಹಸಿದು ಕೊನೆಗೆ ಒಂದು ಸಣ್ಣ ಹೋಟೆಲಿಗೆ ಹೋಗಿ ತರಕಾರಿ ಸೂಪು ತರಿಸಿದೆವು. ಎರಡು ಬಟ್ಟಲು ಸೂಪು, ಜೊತೆಗೆ ನಾಲ್ಕು ತುಂಡು ಬ್ರೆಡ್ಡು: 398 ಕ್ರೋನೆ. ಎಂಟರಿಂದ ಗುಣಿಸಿ ನಮ್ಮವರು ಚಮಚ ಕೆಳಗಿಟ್ಟರು.

ಆಗ ಪಕ್ಕದ ಮೇಜಿಗೆ ಟ್ರಾಮ್ ನಡೆಸುವವರ ಸಮವಸ್ತ್ರದಲ್ಲಿದ್ದ ಹೆಂಗಸೊಬ್ಬಳು ಬಂದು ಕೂತಳು. ಅದೇ ಸೂಪು ತರಿಸಿದಳು, ನಿಧಾನವಾಗಿ ಉಂಡಳು, ಕಾಫಿ ಕುಡಿದಳು, ಕಾರ್ಡು ತಾಗಿಸಿ ಹೊರಟುಹೋದಳು. ಬಿಲ್ಲನ್ನು ಎರಡನೇ ಸಲ ನೋಡಲೇ ಇಲ್ಲ.

ಅದಕ್ಕೆ ಕಾರಣ ಅಲ್ಲಿನ ಕೂಲಿ. ನಾರ್ವೆಯಲ್ಲಿ ಇಡೀ ದೇಶಕ್ಕೆ ಒಂದೇ ಕನಿಷ್ಠ ವೇತನ ಅನ್ನುವ ಕಾನೂನು ಇಲ್ಲ. ಕಾರ್ಮಿಕ ಸಂಘದವರೂ ಮಾಲೀಕರ ಸಂಘದವರೂ ಎದುರುಬದುರು ಕೂತು ದರ ಗೊತ್ತುಮಾಡುತ್ತಾರೆ. ಕಟ್ಟಡ ಕಟ್ಟುವುದು, ಹೋಟೆಲಿನ ಕೆಲಸ, ಸ್ವಚ್ಛತೆಯ ಕೆಲಸ ಇಂಥ ಕಸುಬುಗಳಲ್ಲಿ ಆ ದರ ಸಂಘದ ಹೊರಗಿನವರಿಗೂ ಕಡ್ಡಾಯ. ನೆಲ ಗುಡಿಸಿ ಒರೆಸುವ ಕೆಲಸಕ್ಕೆ ಗಂಟೆಗೆ 200 ಕ್ರೋನೆಗೂ ಹೆಚ್ಚು ಕೊಡಲೇಬೇಕು. ನಮಗೆ ಎದೆ ಧಸಕ್ಕೆನಿಸಿದ ಒಂದು ಕಾಫಿಯ ಬೆಲೆ ಅವರಿಗೆ ಕಾಲು ಗಂಟೆಯ ದುಡಿಮೆ. ನನಗೆ ನಮ್ಮ ಬ್ಯಾಂಕಿನ ಶಾಖೆಯಲ್ಲಿ ಕಸ ಗುಡಿಸುತ್ತಿದ್ದ ಮುದುಕಿ ನೆನಪಾದಳು. ಎದುರಿಗೇ ಹೋಟೆಲಿತ್ತು. ಆಕೆ ಅಲ್ಲಿ ಕೂತು ಒಂದು ದೋಸೆ ತಿಂದದ್ದನ್ನು ಅಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ನೋಡಲಿಲ್ಲ. ಅಂದಿನಿಂದ ನಾನು ಓಸ್ಲೋದ ಬೆಲೆಗಳನ್ನು ಎಂಟರಿಂದ ಗುಣಿಸುವುದು ಕಡಿಮೆ ಮಾಡಿ, ಅಲ್ಲಿನ ಕೂಲಿಯಿಂದ ಭಾಗಿಸಿ ನೋಡತೊಡಗಿದೆ. ಆಗ ಸಿಟ್ಟು ಇಳಿಯಿತು.

ಸಿಟ್ಟು ಇಳಿದರೂ ಪಿಂಚಣಿ ಏರುವುದಿಲ್ಲವಲ್ಲ! ನಾವು ಕೊಡಬೇಕಾದದ್ದು ರೂಪಾಯಿಯನ್ನೇ. ಹಾಗಾಗಿ ಅಂದು ಸಂಜೆ ಗಂಡ-ಹೆಂಡತಿ ಕೂತು ಒಂದು ಉಪಾಯ ಕಂಡುಕೊಂಡೆವು. ಈ ಊರಿನಲ್ಲಿ ತುಟ್ಟಿ ಇರುವುದು ಇನ್ನೊಬ್ಬರ ಹೊತ್ತು. ಯಾರೋ ನಮಗಾಗಿ ಅಡುಗೆ ಮಾಡಿ ಬಡಿಸಿದರೆ, ಕಾರು ಓಡಿಸಿದರೆ, ಹಾಸಿಗೆ ಝಾಡಿಸಿದರೆ ಬಿಲ್ಲು ಏರುತ್ತದೆ. ಊರಿನವರೆಲ್ಲ ಸೇರಿ ತೆರಿಗೆ ಕೊಟ್ಟು ಮಾಡಿಕೊಂಡದ್ದು, ಅಂದರೆ ತೋಟ, ಗ್ರಂಥಾಲಯ, ಟ್ರಾಮು, ದೋಣಿ, ಕಾಡು, ಕುಡಿಯುವ ನೀರು, ಅಗ್ಗ, ಹಲವು ಪುಕ್ಕಟೆ. ಮೊದಲನೆಯದನ್ನು ಆದಷ್ಟು ಕಡಿಮೆ ಕೊಳ್ಳಬೇಕು, ಎರಡನೆಯದನ್ನು ಮನಸಾರೆ ಬಳಸಬೇಕು. ಪ್ರವಾಸದ ಯೋಜನೆ ಅಂದರೆ ನಮ್ಮ ಮಟ್ಟಿಗೆ ಇಷ್ಟೇ. ರವಿವಾರ ಅಂಗಡಿಗಳು ಮುಚ್ಚಿರುತ್ತವೆ ಅಂತ ಮೊದಲೇ ಗೊತ್ತಿದ್ದರೆ ನಾವು ಶನಿವಾರ ರಾತ್ರಿ ಇಳಿಯುವ ಟಿಕೆಟ್ಟನ್ನೇ ತೆಗೆಸುತ್ತಿರಲಿಲ್ಲ.

ಯಾವಾಗ ಹೋಗಬೇಕು? ಇದನ್ನು ಬೆಳಕು ನೋಡಿ ತೀರ್ಮಾನಿಸಿ. ಓಸ್ಲೋ ಹೆಚ್ಚುಕಡಿಮೆ 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನಲ್ಲಿ ಹಗಲು ಆರು ತಾಸು. ಜೂನ್ ಮೂರನೇ ವಾರದಲ್ಲಿ ಸುಮಾರು ಹತ್ತೊಂಬತ್ತು ತಾಸು. ನಾವಿದ್ದಾಗ ಸೂರ್ಯ ಮುಳುಗುತ್ತಿದ್ದದ್ದು ರಾತ್ರಿ ಹತ್ತೂವರೆಗೆ. ಕೋಣೆಯ ಬಾಡಿಗೆ ಎರಡೂ ಕಾಲಕ್ಕೆ ಕೊಡಲೇಬೇಕು. ಕೊಟ್ಟ ಬಾಡಿಗೆಗೆ ಆರು ತಾಸಿನ ಊರು ನೋಡುತ್ತೀರೋ ಹತ್ತೊಂಬತ್ತು ತಾಸಿನದೋ ಅನ್ನುವುದೇ ಪ್ರಶ್ನೆ. ಹಿಮ ನೋಡಲೇಬೇಕು ಅನ್ನುವವರ ಮಾತು ಬೇರೆ. ಹಿರಿಯರನ್ನು ಕರೆದುಕೊಂಡು ಹೋಗುವವರು ಮೇ ಕೊನೆಯಿಂದ ಆಗಸ್ಟ್ ಕೊನೆಯೊಳಗೆ ಹೋದರೆ ಒಳ್ಳೆಯದು.

ವೀಸಾದ ಬಗ್ಗೆ ಎರಡು ಮಾತು. ನಾರ್ವೆ ಯುರೋಪಿನ ಒಕ್ಕೂಟದಲ್ಲಿ ಇಲ್ಲ. 1972ರಲ್ಲಿ, ಮತ್ತೆ 1994ರಲ್ಲಿ ಜನಮತ ಕೇಳಿದಾಗ ಎರಡು ಸಲವೂ ಬೇಡ ಅಂದರು. ಆದರೆ ಷೆಂಗೆನ್ ವ್ಯವಸ್ಥೆಯೊಳಗೆ ಇದೆ. ಆದ್ದರಿಂದ ಅದೇ ವೀಸಾದಲ್ಲಿ ಕೋಪನ್‌ಹೇಗನ್, ಸ್ಟಾಕ್‌ಹೋಮ್ ಕೂಡ ನೋಡಬಹುದು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕಡೇ ಪಕ್ಷ 15 ದಿನ ಮುಂಚೆ ಹಾಕಿರಬೇಕು. ಬೇಸಿಗೆಯಲ್ಲಿ ಅರ್ಜಿಗಳ ರಾಶಿ ಬೀಳುತ್ತದೆ. ನಾವು ಮೂರು ತಿಂಗಳು ಮುಂಚೆ ಹಾಕಿದೆವು. ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚ ಭರಿಸುವ ಪ್ರವಾಸ ವಿಮೆ ಕಡ್ಡಾಯ. ಈ ವಿಮೆಯನ್ನು ಬರೀ ಕಾಗದ ಅಂತ ಭಾವಿಸಬೇಡಿ, ಬಿಪಿ-ಸಕ್ಕರೆ ಇರುವವರು ಅದರೊಳಗಿನ ಷರತ್ತುಗಳನ್ನು ಓದಿಯೇ ಸಹಿ ಹಾಕಿ.

ಉಳಿಯಲು ನಾವು ಒಂದು ಸಣ್ಣ ಅಡುಗೆ ಕಟ್ಟೆ ಇರುವ ಕೋಣೆ ಹುಡುಕಿದೆವು. ಒಂದು ಒಲೆ, ಒಂದು ಪಾತ್ರೆ, ಒಂದು ಫ್ರಿಜ್ಜು. ಪೇಟೆಯ ನಡುವಿಗೆ ಟ್ರಾಮಿನಲ್ಲಿ ಹದಿನೈದು ನಿಮಿಷ. ಹೋಟೆಲುಗಳಲ್ಲಿ ಬೆಳಗಿನ ಉಪಾಹಾರ ಸೇರಿದ್ದರೆ ಅದೂ ಕೆಟ್ಟದ್ದಲ್ಲ, ನಾರ್ವೆಯವರ ಬೆಳಗಿನ ಮೇಜು ದೊಡ್ಡದು. ಆದರೆ ಮೂರು ಹೊತ್ತು ಹೊರಗೆ ಉಣ್ಣುವುದಂತೂ ನಮ್ಮಂಥವರಿಗೆ ಸಾಗದ ಮಾತು.

ಈಗ ಬುತ್ತಿಯ ವಿಷಯಕ್ಕೆ ಬರುತ್ತೇನೆ. ಓಸ್ಲೋದ ಬಗ್ಗೆ ನನಗೆ ಅತ್ಯಂತ ಪ್ರೀತಿ ಹುಟ್ಟಿಸಿದ ಸಂಗತಿ ಇದು.

ಜಗತ್ತಿನ ಶ್ರೀಮಂತ ದೇಶಗಳಲ್ಲಿ ನಾರ್ವೆ ಒಂದು. 1969ರಲ್ಲಿ ಉತ್ತರ ಸಮುದ್ರದಲ್ಲಿ ಎಣ್ಣೆ ಸಿಕ್ಕಿತು, ಅದರ ಹಣವನ್ನು ಮುಂದಿನ ಪೀಳಿಗೆಗಾಗಿ ನಿಧಿ ಮಾಡಿ ಇಟ್ಟಿದ್ದಾರೆ. ಅಂಥ ದೇಶದ ಅಧಿಕಾರಿ, ಪ್ರೊಫೆಸರು, ಶಾಲೆಯ ಹುಡುಗ ಎಲ್ಲರೂ ಮಧ್ಯಾಹ್ನಕ್ಕೆ ಮನೆಯಿಂದ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಅವರು ಅದನ್ನು ಮಾಟ್‌ಪಾಕ್ಕೆ ಅನ್ನುತ್ತಾರೆ. ಮಾಟ್ ಅಂದರೆ ಅನ್ನ, ಪಾಕ್ಕೆ ಅಂದರೆ ಗಂಟು. ಶಬ್ದಕ್ಕೆ ಶಬ್ದ ನಮ್ಮ ಬುತ್ತಿಯೇ. 1930ರ ದಶಕದಲ್ಲಿ ಓಸ್ಲೋದ ಶಾಲೆಗಳಲ್ಲಿ ಮಕ್ಕಳಿಗೆ ಬ್ರೆಡ್ಡು, ಚೀಸು, ಹಾಲು, ಹಣ್ಣು ಕೊಡುವ ಪದ್ಧತಿ ತಂದರು; ಅದರ ಪ್ರಭಾವ ಬುತ್ತಿಯ ಮೇಲೂ ಉಳಿಯಿತು ಅನ್ನುತ್ತಾರೆ. ಒಂದು ಮಧ್ಯಾಹ್ನ ತೋಟದ ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಕೂತವರೊಬ್ಬರು ಬುತ್ತಿ ಬಿಚ್ಚಿದ್ದನ್ನು ನಾನು ಹತ್ತಿರದಿಂದ ನೋಡಿದೆ. ಅಂಗೈಯಗಲದ ಬ್ರೆಡ್ಡಿನ ಹಲ್ಲೆಗಳು, ಮೇಲೆ ಮತ್ತೊಂದು ಹಲ್ಲೆ ಮುಚ್ಚಿಲ್ಲ. ಒಂದರ ಮೇಲೊಂದು ಇಟ್ಟರೆ ಅಂಟಿಕೊಳ್ಳುತ್ತದಲ್ಲ, ಅದಕ್ಕೆ ಪ್ರತಿ ಹಲ್ಲೆಯ ನಡುವೆ ಅದೇ ಅಳತೆಗೆ ಕತ್ತರಿಸಿದ ತೆಳು ಎಣ್ಣೆಕಾಗದ. ಆ ಕಾಗದ ಅಂಗಡಿಯಲ್ಲಿ ಕಟ್ಟುಕಟ್ಟಾಗಿ ಸಿಗುತ್ತದೆ. ಅವರು ಒಂದು ಹಲ್ಲೆ ತಿಂದು, ಕಾಗದ ಮಡಚಿ ಜೇಬಿಗೆ ಹಾಕಿ, ಮುಂದಿನದನ್ನು ಎತ್ತಿಕೊಂಡರು. ನಮ್ಮ ಅವ್ವ ಹೋಳಿಗೆಗಳ ನಡುವೆ ಬಾಳೆಲೆಯ ತುಂಡು ಇಡುತ್ತಿದ್ದ ರೀತಿ ಕಣ್ಣಿಗೆ ಕಟ್ಟಿತು.

ಆ ಬ್ರೆಡ್ಡಿನ ಮೇಲಿದ್ದದ್ದು ಕಂದು ಬಣ್ಣದ ಚೀಸು, ಬ್ರೂನೋಸ್ಟ್. ಧಾರವಾಡದವರು ಇದನ್ನು ತಿಂದು ನೋಡಲೇಬೇಕು. ಚೀಸು ಮಾಡಿ ಉಳಿದ ತಿಳಿನೀರಿಗೆ ಹಾಲು, ಕೆನೆ ಸೇರಿಸಿ ಗಂಟೆಗಟ್ಟಲೆ ಕುದಿಸಿ ಬತ್ತಿಸುತ್ತಾರೆ. ಹಾಲಿನೊಳಗಿನ ಸಕ್ಕರೆ ಕಾದು ಕಂದಾಗುತ್ತದೆ. 1863ರಲ್ಲಿ ಆನ್ನೆ ಹೋವ್ ಎಂಬ ಹೆಣ್ಣುಮಗಳು ಅದಕ್ಕೆ ಕೆನೆ ಸೇರಿಸುವುದನ್ನು ಶುರುಮಾಡಿದಳಂತೆ. ನಾಲಿಗೆಗೆ ತಾಗಿದ ಕೂಡಲೇ ನನಗೆ ಹುರಿದ ಖವೆಯ ನೆನಪಾಯಿತು. ನಮ್ಮ ಪೇಢೆಗೆ ಬಣ್ಣ ಬರುವುದೂ ಹಾಲು ಕಾದು ಕಾದೇ ಅಲ್ಲವೇ? ಅದನ್ನು ತೆಳುವಾಗಿ ಹೆರೆಯಲು ಒಂದು ಸಲಕರಣೆ ಇದೆ. ಥೋರ್ ಬ್ಯೋರ್ಕ್‌ಲುಂಡ್ ಎಂಬ ಬಡಗಿ ಮರ ಸವರುವ ತನ್ನ ಕೀಸುಳಿಯನ್ನು ನೋಡಿ ಅದನ್ನು ಮಾಡಿ 1925ರಲ್ಲಿ ಹಕ್ಕುಪತ್ರ ಪಡೆದ. ಅದರಿಂದ ಹೆರೆದರೆ ಒಂದು ಚಿಕ್ಕ ಗಟ್ಟಿ ಇಬ್ಬರಿಗೆ ವಾರ ಪೂರ್ತಿ ಬರುತ್ತದೆ.

ಅಂದಹಾಗೆ ಹಾಲಿನ ಪದಾರ್ಥ, ಮಾಂಸ ಇವನ್ನು ನಮ್ಮ ದೇಶದಿಂದ ನಾರ್ವೆಗೆ ಒಯ್ಯುವಂತಿಲ್ಲ. ಆದ್ದರಿಂದ ಪೇಢೆ, ತುಪ್ಪ ಮನೆಯಲ್ಲಿಯೇ ಉಳಿದವು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಅವಲಕ್ಕಿ ಇವಕ್ಕೆ ಅಡ್ಡಿಯಾಗಲಿಲ್ಲ. ಸೋಮವಾರ ಪೆಟ್ಟಿಗೆ ಬಂದ ಮೇಲೆ ನಮ್ಮ ಬುತ್ತಿಯಲ್ಲಿ ಒಂದು ದಿನ ಜೋಳದ ರೊಟ್ಟಿ, ಒಂದು ದಿನ ಬ್ರೆಡ್ಡು. ಖರ್ಚಿನ ಪುಸ್ತಕದಲ್ಲಿ ಮಧ್ಯಾಹ್ನದ ಊಟದ ಕಾಲಂ ಅಲ್ಲಿಂದ ಮುಂದೆ ಬಹುತೇಕ ಖಾಲಿ ಇದೆ.

ತಾಜಾ ಕಾಯಿಪಲ್ಯೆ ಬೇಕಾದರೆ ಗ್ರೋನ್‌ಲಾಂಡ್ ಅನ್ನುವ ಓಣಿಗೆ ಹೋಗಿ. ರೈಲು ನಿಲ್ದಾಣದಿಂದ ನಡೆದುಕೊಂಡೇ ಹೋಗಬಹುದು. 1970ರ ಆಸುಪಾಸಿನಲ್ಲಿ ಪಾಕಿಸ್ತಾನದ ಪಂಜಾಬಿನಿಂದ ಕೂಲಿಗೆ ಬಂದವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಅಂಗಡಿ ಇಟ್ಟಿದ್ದಾರೆ. ಕೊತ್ತಂಬರಿ, ಹಸಿಮೆಣಸಿನಕಾಯಿ, ಬೆಂಡೆಕಾಯಿ, ತೊಗರಿಬೇಳೆ ಎಲ್ಲ ಇದೆ. ನನ್ನ ಹಿಂದಿ ಕೇಳಿ ಅಂಗಡಿಯ ಹಿರಿಯರು ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದರು. ಇನ್ನು ನೀರು. ಬಾಟಲಿ ನೀರಿಗೆ ಒಂದು ಕ್ರೋನೆಯನ್ನೂ ಹಾಕಬೇಡಿ. ಊರಿನ ಉತ್ತರದ ಕಾಡಿನಂಚಿಗಿರುವ ಮಾರಿದಾಲ್ ಸರೋವರದ ನೀರೇ ಬಹುಪಾಲು ನಲ್ಲಿಗಳಲ್ಲಿ ಬರುತ್ತದೆ, ತಣ್ಣಗೆ, ಶುದ್ಧವಾಗಿ. ಹೋಟೆಲಿನಲ್ಲಿಯೂ ನಲ್ಲಿ ನೀರೇ ಕೇಳಿ. ತಂಪು ಪಾನೀಯದ ಬಾಟಲಿ ಕೊಂಡರೆ ಅದರ ಬೆಲೆಯಲ್ಲಿ ಠೇವಣಿಯಾಗಿ 2 ಅಥವಾ 3 ಕ್ರೋನೆ ಸೇರಿರುತ್ತದೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರದೊಳಗೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಕೌಂಟರಿನಲ್ಲಿ ಕೊಟ್ಟರೆ ಹಣ ವಾಪಸು.

ತಿರುಗಾಟಕ್ಕೆ ಟ್ಯಾಕ್ಸಿಯ ಯೋಚನೆಯನ್ನು ಬಿಟ್ಟುಬಿಡಿ. ವಿಮಾನ ನಿಲ್ದಾಣ ಊರಿನಿಂದ ಸುಮಾರು 50 ಕಿಲೋಮೀಟರು ದೂರ. ಅಲ್ಲಿಂದ ಎರಡು ಬಗೆಯ ರೈಲುಗಳಿವೆ. ವಿಶೇಷ ರೈಲು ಇಪ್ಪತ್ತು ನಿಮಿಷದಲ್ಲಿ ಬರುತ್ತದೆ. ಸಾಧಾರಣ ರೈಲು ಅದಕ್ಕಿಂತ ಕೆಲವೇ ನಿಮಿಷ ತಡ, ದರ ಹೆಚ್ಚುಕಡಿಮೆ ಅರ್ಧ. ಫಲಕಗಳಲ್ಲಿ ವಿಶೇಷ ರೈಲಿನ ಹೆಸರೇ ಮೊದಲು ಕಣ್ಣಿಗೆ ಬೀಳುತ್ತದೆ, ಅವಸರ ಮಾಡದೆ ಸಾಧಾರಣ ರೈಲಿನ ಟಿಕೆಟ್ ಯಂತ್ರ ಹುಡುಕಿ. 67 ವರ್ಷ ದಾಟಿದವರಿಗೆ ಟಿಕೆಟ್ಟು ಅರ್ಧ ದರ. ನಮ್ಮವರಿಗೆ 69. ನಾವು ವಿದೇಶದವರು, ನಮಗೆಲ್ಲಿ ಕೊಡುತ್ತಾರೆ ಅಂದುಕೊಂಡು ಮೊದಲ ದಿನ ಪೂರ್ತಿ ಹಣ ಕೊಟ್ಟೆವು. ಪಾಸ್‌ಪೋರ್ಟಿನ ವಯಸ್ಸು ಸಾಕು.

ಊರೊಳಗೆ ಒಂದೇ ಟಿಕೆಟ್ಟಿನಲ್ಲಿ ಬಸ್ಸು, ಟ್ರಾಮು, ಸುರಂಗ ರೈಲು, ಹತ್ತಿರದ ನಡುಗಡ್ಡೆಗಳ ದೋಣಿ ಎಲ್ಲವನ್ನೂ ಹತ್ತಬಹುದು. ಬಿಡಿ ಟಿಕೆಟ್ಟು 40 ಕ್ರೋನೆಯ ಮೇಲೆ ಸ್ವಲ್ಪ, ಒಂದು ತಾಸು ನಡೆಯುತ್ತದೆ. ಮೂರು-ನಾಲ್ಕು ದಿನಕ್ಕಿಂತ ಹೆಚ್ಚು ಇರುವವರು ಏಳು ದಿನದ್ದನ್ನೇ ತೆಗೆದುಕೊಂಡರೆ ಲಾಭ. ಸುರಂಗ ರೈಲಿನ ಬಾಗಿಲಲ್ಲಿ ತಡೆಗೇಟು ಇಲ್ಲ, ನಿಮ್ಮನ್ನು ನಂಬಿ ಬಿಟ್ಟಿರುತ್ತಾರೆ. ತಪಾಸಣೆಯವರು ಮಾತ್ರ ಯಾವಾಗ ಬೇಕಾದರೂ ಬರಬಹುದು. ಟಿಕೆಟ್ಟಿಲ್ಲದಿದ್ದರೆ ದಂಡ ಸಾವಿರ ಕ್ರೋನೆಯ ಆಸುಪಾಸು.

ಇಷ್ಟೆಲ್ಲ ಉಳಿಸಿ ನೋಡಿದ್ದೇನು ಅಂತ ಕೇಳುತ್ತೀರಿ. ಆ ಊರಿನ ಅತಿ ದೊಡ್ಡ ಸಂಪತ್ತಿಗೆ ಬಾಗಿಲೇ ಇಲ್ಲ. ಗುಸ್ತಾವ್ ವಿಗೆಲಾಂಡ್ ಅಂತ ಒಬ್ಬ ಶಿಲ್ಪಿ ಇದ್ದ. 1921ರಲ್ಲಿ ನಗರಸಭೆಯವರಿಗೆ ಗ್ರಂಥಾಲಯ ಕಟ್ಟಲು ಜಾಗ ಬೇಕಾಗಿ ಅವನ ಮನೆ ಕೆಡವಬೇಕಾಯಿತು. ಜಗಳ ಆಗಿ, ಕೊನೆಗೆ ಒಂದು ಒಪ್ಪಂದಕ್ಕೆ ಬಂದರು: ನಗರಸಭೆ ಅವನಿಗೆ ಮನೆಯೂ ಕಾರ್ಯಾಗಾರವೂ ಆಗುವ ದೊಡ್ಡ ಕಟ್ಟಡ ಕಟ್ಟಿಕೊಡಬೇಕು, ಅವನು ಅಂದಿನಿಂದ ಮುಂದೆ ಮಾಡುವ ಪ್ರತಿಯೊಂದು ಶಿಲ್ಪವೂ ಊರಿನ ಸ್ವತ್ತಾಗಬೇಕು. 1943ರಲ್ಲಿ ಸಾಯುವ ತನಕ ಅವನು ಆ ಮಾತಿಗೆ ದುಡಿದ. ಕಂಚು, ಕಗ್ಗಲ್ಲಿನ 200ಕ್ಕೂ ಹೆಚ್ಚು ಶಿಲ್ಪಗಳು ಇವತ್ತು ಫ್ರೋಗ್ನರ್ ಉದ್ಯಾನದಲ್ಲಿ ಬಿಸಿಲು ಮಳೆಗೆ ನಿಂತಿವೆ. ರಾತ್ರಿ ಹಗಲು ತೆರೆದಿರುತ್ತದೆ, ಟಿಕೆಟ್ಟಿಲ್ಲ.

ನಾವು ಅಲ್ಲಿಗೆ ಮೂರು ಸಲ ಹೋದೆವು. ಸೇತುವೆಯ ಮೇಲೆ ಸಿಟ್ಟಿನಿಂದ ಕಾಲು ಅಪ್ಪಳಿಸುತ್ತಿರುವ ಪುಟ್ಟ ಹುಡುಗನ ಕಂಚಿನ ಮೂರ್ತಿ ಇದೆ. ಹೋಗುವವರು ಬರುವವರು ಹಿಡಿದು ಹಿಡಿದು ಅವನ ಎಡಗೈ ಬಂಗಾರದ ಹಾಗೆ ಹೊಳೆಯುತ್ತದೆ, ಉಳಿದ ಮೈ ಕಪ್ಪು. ನಡುವಿನ ದಿಬ್ಬದ ಮೇಲೆ ಒಂದೇ ಕಲ್ಲಿನ ಸ್ತಂಭ, 14 ಮೀಟರು. ಮುದುಕರು, ಹೆಂಗಸರು, ಕೂಸುಗಳು, ಒಟ್ಟು 121 ದೇಹಗಳು ಒಂದನ್ನೊಂದು ಹಿಡಿದು ಮೇಲಕ್ಕೆ ಏರುತ್ತಿವೆ. ವಿಗೆಲಾಂಡನ ಮಾದರಿ ನೋಡಿಕೊಂಡು ಮೂವರು ಕಲ್ಲುಕುಟಿಗರು 1929ರಿಂದ 14 ವರ್ಷ ಅದನ್ನು ಕೆತ್ತಿದರು. ಅದರ ಸುತ್ತಲಿನ ಮೆಟ್ಟಿಲುಗಳ ಮೇಲೂ ಶಿಲ್ಪಗಳಿವೆ. ಅದರಲ್ಲಿ ಒಂದು ಮುದಿ ದಂಪತಿಯ ಜೋಡಿ. ನಮ್ಮವರು ಅದರ ಮುಂದೆ ಬಹಳ ಹೊತ್ತು ನಿಂತರು, ಏನೂ ಹೇಳಲಿಲ್ಲ. ಆಮೇಲೆ ಅಲ್ಲಿಯೇ ಕೂತು ರೊಟ್ಟಿ ತಿಂದೆವು.

ಇನ್ನೊಂದು ದಿನ ಸಮುದ್ರದ ದಂಡೆಗೆ ಹೋದೆವು. 2008ರಲ್ಲಿ ತೆರೆದ ಆಪೆರಾ ಮಂದಿರದ ಬಿಳಿ ಅಮೃತಶಿಲೆಯ ಛಾವಣಿ ನೀರಿನಿಂದಲೇ ಮೇಲೆದ್ದ ಇಳಿಜಾರಿನಂತಿದೆ. ಒಳಗಿನ ಕಾರ್ಯಕ್ರಮಕ್ಕೆ ಹಣ, ಛಾವಣಿಯ ಮೇಲೆ ಯಾರು ಬೇಕಾದರೂ ನಡೆಯಬಹುದು. ಅದರ ಹತ್ತಿರವೇ ನಗರದ ಮುಖ್ಯ ಗ್ರಂಥಾಲಯ ಡೈಖ್‌ಮನ್, 2020ರಲ್ಲಿ ತೆರೆದದ್ದು. ಮಳೆ ಬಂದರೆ ಇದಕ್ಕಿಂತ ಒಳ್ಳೆಯ ಆಸರೆ ಇಲ್ಲ. ಹೆಸರು ಕೇಳುವವರಿಲ್ಲ, ಎಷ್ಟು ಹೊತ್ತು ಕೂತರೂ ಏಳಿ ಅನ್ನುವವರಿಲ್ಲ.

ಅದರ ಮೇಲಂತಸ್ತಿನಲ್ಲಿ ಒಂದು ಪುಟ್ಟ ಕೋಣೆ ಇದೆ. ಒಳಗೆಲ್ಲ ಮರ, ನೂರು ಪದರಗಳ ಮರ. ಪ್ರತಿ ಪದರದಲ್ಲೂ ಗಾಜಿನ ಒಂದು ಅರೆ, ಅದರಲ್ಲಿ ಮಂದ ಬೆಳಕು. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಕೇಟಿ ಪ್ಯಾಟರ್ಸನ್ ಎಂಬ ಕಲಾವಿದೆಯ ಯೋಜನೆ ಇದು, ಹೆಸರು ಭವಿಷ್ಯದ ಗ್ರಂಥಾಲಯ. 2014ರಿಂದ ವರ್ಷಕ್ಕೆ ಒಬ್ಬ ಲೇಖಕರು ಒಂದು ಹಸ್ತಪ್ರತಿ ಕೊಡುತ್ತಾರೆ. ಮೊದಲು ಕೊಟ್ಟವರು ಮಾರ್ಗರೆಟ್ ಅಟ್‌ವುಡ್, ಆಮೇಲೆ ಕೊಟ್ಟವರಲ್ಲಿ ಹಾನ್ ಕಾಂಗ್ ಕೂಡ ಇದ್ದಾರೆ. ಯಾರೂ ಅದನ್ನು ಓದುವಂತಿಲ್ಲ. ಊರಾಚೆಯ ಕಾಡಿನಲ್ಲಿ ಸಾವಿರ ಸ್ಪ್ರೂಸ್ ಸಸಿಗಳನ್ನು ನೆಟ್ಟಿದ್ದಾರೆ, 2114ರಲ್ಲಿ ಆ ಮರಗಳ ಕಾಗದದ ಮೇಲೆ ಎಲ್ಲವನ್ನೂ ಅಚ್ಚು ಹಾಕುತ್ತಾರೆ. ನಾವು ಆ ಕೋಣೆಯ ಬೆಂಚಿನ ಮೇಲೆ ಕೂತಿದ್ದಾಗ ಒಬ್ಬ ತಾಯಿ ತನ್ನ ಮಗುವನ್ನು ಎತ್ತಿಕೊಂಡು ಒಂದೊಂದೇ ಅರೆಯ ಹೆಸರು ಓದಿ ಹೇಳುತ್ತಿದ್ದಳು. ಅಂದಿನ ಪುಟದಲ್ಲಿ ಬಸ್ಸು, ಊಟ, ನೋಟ ಎಲ್ಲದರ ಮುಂದೂ ಸೊನ್ನೆ ಇದೆ.

ನಗರಸಭೆಯ ಕಟ್ಟಡವನ್ನೂ ಪುಕ್ಕಟೆ ನೋಡಬಹುದು. ಪ್ರತಿ ಡಿಸೆಂಬರ್ 10ರಂದು ನೊಬೆಲ್ ಶಾಂತಿ ಬಹುಮಾನ ಕೊಡುವುದು ಅದರ ದೊಡ್ಡ ಹಜಾರದಲ್ಲಿ. ನಮ್ಮ ಕೈಲಾಶ್ ಸತ್ಯಾರ್ಥಿಯವರು 2014ರಲ್ಲಿ ಮಲಾಲಾ ಜೊತೆಗೆ ನಿಂತ ನೆಲ ಅದು. 1979ರಲ್ಲಿ ಮದರ್ ತೆರೇಸಾ ಬಂದಾಗ ಸಮಾರಂಭ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ನಡೆಯುತ್ತಿತ್ತು. ಸಂಪ್ರದಾಯದ ಔತಣ ಬೇಡ, ಆ ಹಣ ಬಡವರಿಗೆ ಕೊಡಿ ಅಂತ ಅವರು ಕೇಳಿಕೊಂಡರು, ಔತಣ ರದ್ದಾಯಿತು. ಬೆಲೆಪಟ್ಟಿ ನೋಡಿ ನಾವು ಕಳವಳಪಡುವ ಅದೇ ಊರಿನಲ್ಲಿ!

ಎಲ್ಲವನ್ನೂ ಪುಕ್ಕಟೆಯಲ್ಲೇ ಮುಗಿಸಬೇಕು ಅನ್ನುವ ಹಟ ನನಗಿಲ್ಲ. ಕೆಲವಕ್ಕೆ ಹಣ ಕೊಡಲೇಬೇಕು, ಕೊಟ್ಟು ತೃಪ್ತಿಪಡಬೇಕು. ನಾವು ದಿನಕ್ಕೆ ಒಂದೇ ಟಿಕೆಟ್ಟು ಅಂತ ಗೊತ್ತುಮಾಡಿಕೊಂಡೆವು. ಒಂದು ದಿನ ರಾಷ್ಟ್ರೀಯ ಸಂಗ್ರಹಾಲಯ, ಅಲ್ಲಿ ಎಡ್ವರ್ಡ್ ಮುಂಕ್ 1893ರಲ್ಲಿ ಬರೆದ “ಚೀತ್ಕಾರ” ಚಿತ್ರವಿದೆ. ಇನ್ನೊಂದು ದಿನ ಫ್ರಾಮ್ ಹಡಗಿನ ಸಂಗ್ರಹಾಲಯ. ಸಮಯ ಇರುವವರು ಇದನ್ನು ಬಿಡಬೇಡಿ. 1892ರಲ್ಲಿ ನೀರಿಗಿಳಿದ ಹಡಗು ಪೂರ್ತಿಯಾಗಿ ಕಟ್ಟಡದೊಳಗೆ ನಿಂತಿದೆ, ಹತ್ತಿ ಒಳಗೆಲ್ಲ ತಿರುಗಬಹುದು. ನಾನ್ಸೆನ್ ಎಂಬ ಅನ್ವೇಷಕ ಇದನ್ನು ಬೇಕೆಂದೇ ಉತ್ತರದ ಮಂಜುಗಡ್ಡೆಯೊಳಗೆ ಸಿಕ್ಕಿಸಿಕೊಂಡು ಮೂರು ವರ್ಷ ತೇಲಿಸಿದ. ಹಡಗಿನ ಹೊಟ್ಟೆ ಬಟ್ಟಲಿನಂತೆ ದುಂಡಗಿದೆ. ಮಂಜು ಎರಡೂ ಕಡೆಯಿಂದ ಒತ್ತಿದರೆ ಒಡೆಯದೆ ಮೇಲಕ್ಕೆ ಏಳಲಿ ಅಂತ ಹಾಗೆ ಕಟ್ಟಿದರು. 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ಆಮುಂಡ್ಸೆನ್ ಹೊರಟದ್ದೂ ಇದರಲ್ಲಿಯೇ. ಕೆಳಗಿನ ಕೋಣೆಗಳಲ್ಲಿ ತಲೆ ತಗ್ಗಿಸಿ ನಡೆಯುವಾಗ, ಹೊರಡುವ ಮುನ್ನ ನಾನ್ಸೆನ್‌ನ ತಂಡದವರು ಐದು ವರ್ಷದ ದಿನಸಿ ಲೆಕ್ಕ ಹಾಕಿದ್ದರು ಅಂತ ಓದಿ ನನಗೆ ಅವರ ಮೇಲೆ ಮತ್ತಷ್ಟು ಅಭಿಮಾನ ಬಂತು.

ಹತ್ತಾರು ಸಂಗ್ರಹಾಲಯಗಳಿಗೂ ವಾಹನಗಳಿಗೂ ಸೇರಿಸಿ ಕೊಡುವ ಓಸ್ಲೋ ಪಾಸ್ ಅಂತ ಒಂದಿದೆ. ದಿನಕ್ಕೆ ಮೂರು ಸಂಗ್ರಹಾಲಯ ಓಡಾಡಬಲ್ಲ ಹುಡುಗರಿಗೆ ಅದು ಸರಿ. ಮೊಣಕಾಲು ನೋವಿನವರಿಗೆ ನಷ್ಟ. ವೈಕಿಂಗ್ ಹಡಗುಗಳ ಸಂಗ್ರಹಾಲಯ ಹೊಸ ಕಟ್ಟಡಕ್ಕಾಗಿ ಮುಚ್ಚಿತ್ತು, ಅದಕ್ಕಾಗಿಯೇ ಹೋಗುವವರು ತೆರೆದಿದೆಯೇ ಅಂತ ನೋಡಿಕೊಂಡು ಹೊರಡಿ.

ಕೊನೆಯ ದಿನ ಸಂಜೆ ನಗರಸಭೆಯ ಎದುರಿನ ಧಕ್ಕೆಯಿಂದ ಹೂವೆಡೋಯಾ ಎಂಬ ನಡುಗಡ್ಡೆಗೆ ಹೋದೆವು. ದೋಣಿಯಲ್ಲಿ ಕೆಲವೇ ನಿಮಿಷ. ಏಳು ದಿನದ ಟಿಕೆಟ್ಟೇ ನಡೆಯಿತು. 1147ರಲ್ಲಿ ಇಂಗ್ಲೆಂಡಿನಿಂದ ಬಂದ ಸನ್ಯಾಸಿಗಳು ಕಟ್ಟಿದ ಮಠದ ಗೋಡೆಗಳು ಹುಲ್ಲಿನ ನಡುವೆ ಅರ್ಧ ಉಳಿದಿವೆ. ಊರಿನ ಸಂಸಾರಗಳು ಚಾಪೆ ಹಾಸಿಕೊಂಡು ಕೂತಿದ್ದವು, ಮಕ್ಕಳು ನೀರಿಗೆ ಹಾರುತ್ತಿದ್ದರು. ನಾವೂ ಒಂದು ಕಲ್ಲಿನ ಮೇಲೆ ಕೂತು ಕೊನೆಯ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ, ಗ್ರೋನ್‌ಲಾಂಡಿನ ಸೌತೆಕಾಯಿ ಬಿಚ್ಚಿದೆವು. ರೊಟ್ಟಿ ಮುರಿಯುವ ಸದ್ದಿಗೆ ಪಕ್ಕದ ಚಾಪೆಯ ಹುಡುಗಿ ತಿರುಗಿ ನೋಡಿದಳು. ಅರ್ಧ ಕೊಟ್ಟೆ. ಚಟ್ನಿ ಖಾರವಾಯಿತು, ನೀರು ಕುಡಿದಳು, ಮತ್ತೆ ಕೈ ಚಾಚಿದಳು. ಅವರ ಅವ್ವ ನಮಗೆ ಎಣ್ಣೆಕಾಗದದ ಮೇಲೆ ಎರಡು ಹಲ್ಲೆ ಬ್ರೆಡ್ಡು, ಮೇಲೆ ಕಂದು ಚೀಸು ಇಟ್ಟು ಕೊಟ್ಟರು. ಕೊನೆಯ ದೋಣಿಗೆ ಇನ್ನೂ ಹೊತ್ತಿತ್ತು, ಬೆಳಕೂ ಇತ್ತು.

ನಮ್ಮ ಓಣಿಯ ಹುಡುಗಿ ಈ ಪುಸ್ತಕದ ಪುಟಗಳನ್ನೆಲ್ಲ ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋದಳು. ವೀಸಾ ಬಂದಿದೆ, ಮಂಗಳವಾರ ಬೆಳಿಗ್ಗೆ ಇಳಿಯುವಂತೆ ಟಿಕೆಟ್ಟು ತೆಗೆಸಿದ್ದಾಳೆ. ಮೊನ್ನೆ ಅವಳ ಅವ್ವ ಕಾಂಪೌಂಡಿನ ಆಚೆಯಿಂದ ಕರೆದು ಕೇಳಿದರು: “ವೈನಿ, ಮೂರು ಮಂದಿಗೆ ಎಂಟು ದಿನಕ್ಕ ಎಷ್ಟು ರೊಟ್ಟಿ ಬಡೀಲಿ?” ಐವತ್ತು ಬಡೀರಿ, ಅರ್ಧ ಕೈಚೀಲದಾಗ ಇಡ್ರಿ ಅಂದೆ. ಬರುವ ವಾರ ಒಲೆ ಹಚ್ಚುತ್ತಾರೆ. ನಾನೂ ಕೂಡ ಹೋಗುತ್ತೇನೆ.